ಉಮ್ಮನ ಮರೆವು ಬರೀ ಪ್ರಾಯದ್ದಾ?

ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಮರೆವಿನ ಕಾಯಿಲೆ ಡಿಮೆನ್ಶಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳೂ ಇದರಿಂದ ಹೊರಗಿಲ್ಲ. ನಾವೋ 'ಪ್ರಾಯ ಆಯ್ತಲ್ಲ' ಎಂದು ಸುಮ್ಮನಾಗುತ್ತೇವೆ. ಗಲ್ಫ್‌ನಲ್ಲಿರುವ ಮಗನಿಗೆ ಐದು ನಿಮಿಷದ ಫೋನಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಕನ್ನಡಕ ಇಟ್ಟ ಜಾಗ ಮರೆಯುವುದು ಸಹಜ. ಆದರೆ ನಮಾಝ್ ಮಾಡಿದ್ದೇ ನೆನಪಿಲ್ಲದೆ ಮತ್ತೆ ವುಝೂಗೆ ಹೊರಟರೆ, ದಿನಾ ಹೋಗುವ ಮಸೀದಿಯ ದಾರಿ ತಪ್ಪಿದರೆ, ಚಿಲ್ಲರೆ ಲೆಕ್ಕ ಸಿಗದಿದ್ದರೆ ನಾವು ಎಚ್ಚರವಾಗಬೇಕು.

ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಮದ್ದಿದೆ. ಹಾಗಾಗಿ ನೂಲು ಕಟ್ಟಿಸುತ್ತಾ ತಿಂಗಳು ಕಳೆಯದೆ ಮೊದಲು ಡಾಕ್ಟರಿಗೆ ತೋರಿಸೋಣ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಷ್ಟರವರೆಗೆ, ಅದೇ ಮಾತು ಹತ್ತು ಸಲ ಕೇಳಿದರೂ ಗದರಿಸದಿರೋಣ.