ಮೀನಿನ ತೊಟ್ಟಿ ತೊಳೆದ ಕೈಗೆ ವಾಸಿಯಾಗದ ಗಂಟು ಏಕೆ?

ಮನೆಯ ಅಕ್ವೇರಿಯಂ ತೊಳೆದು ಎರಡು-ಮೂರು ವಾರ ಕಳೆದಿರುತ್ತದೆ. ಬೆರಳಿನ ಮೇಲೆ ಸಣ್ಣ ಕೆಂಪು ಗಂಟೊಂದು ಏಳುತ್ತದೆ. ಹೆಚ್ಚು ನೋವಿಲ್ಲ, ಜ್ವರವೂ ಇಲ್ಲ. ಮುಲಾಮು ಹಚ್ಚಿದರೂ ಹೋಗುವುದಿಲ್ಲ. ಕೆಲವರಿಗೆ ಬೆರಳಿನಿಂದ ಮೊಣಕೈಯವರೆಗೆ ಸಾಲಾಗಿ ಇನ್ನಷ್ಟು ಗಂಟುಗಳು ಮೂಡುತ್ತವೆ. ಇದಕ್ಕೆ ‘ಮೈಕೋಬ್ಯಾಕ್ಟೀರಿಯಂ ಮರೈನಮ್’ ಎಂಬ ಬ್ಯಾಕ್ಟೀರಿಯಾ ಕಾರಣವಿರಬಹುದು.

ಇದು ಕ್ಷಯ ರೋಗಾಣುವಿನ ಹತ್ತಿರದ ಸಂಬಂಧಿ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುತ್ತದೆ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಮೀನುಗಳಲ್ಲಿ ಇದನ್ನು ಗುರುತಿಸಲಾಯಿತು. ಮನುಷ್ಯರಿಗೂ ಇದು ರೋಗ ತರುತ್ತದೆ ಎಂಬುದು 1951ರಲ್ಲಿ, ಸ್ವೀಡನ್ನಿನ ಈಜುಕೊಳವೊಂದನ್ನು ಬಳಸಿದವರಿಂದ ತಿಳಿಯಿತು. ಈಗ ಈಜುಕೊಳಗಳಿಗೆ ಕ್ಲೋರಿನ್ ಹಾಕುವುದರಿಂದ ಅಲ್ಲಿ ಅಪರೂಪ. ಮೀನು ಸಾಕುವವರು, ಮೀನು ಹೆಚ್ಚುವವರು, ಮೀನುಗಾರರಲ್ಲಿ ಆಗಾಗ ಕಾಣಿಸುತ್ತದೆ.

ಕೈಯಲ್ಲೇ ಏಕೆ?

ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಹಾಗಾಗಿ ಗಾಯದ ಮೂಲಕ ಒಳಹೊಕ್ಕರೂ, ತಂಪಾಗಿರುವ ಕೈಕಾಲುಗಳ ಚರ್ಮದಲ್ಲೇ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ನಿರ್ಲಕ್ಷಿಸಿದರೆ ಕೀಲು, ಮೂಳೆಗಳಿಗೂ ಇಳಿಯಬಹುದು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅಪಾಯ ಹೆಚ್ಚು.

ಪತ್ತೆ ತಡವಾಗುವುದೇಕೆ?

ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಸಾಮಾನ್ಯವಾಗಿ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಆ ಬಿಸಿಯಲ್ಲಿ ಇದು ಸರಿಯಾಗಿ ಬೆಳೆಯದೆ, ರೋಗಾಣು ಇಲ್ಲವೆಂಬ ವರದಿ ಬರಬಹುದು. ಇನ್ನೊಂದೆಡೆ, ಕ್ಷಯದ ಚರ್ಮ ಪರೀಕ್ಷೆ ಪಾಸಿಟಿವ್ ಬಂದು ಗೊಂದಲವಾಗಬಹುದು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಪೈರಾಜಿನಮೈಡ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕ್ಲಾರಿಥ್ರೋಮೈಸಿನ್, ಎಥಾಂಬ್ಯುಟಾಲ್, ರಿಫಾಂಪಿಸಿನ್‌ನಂತಹ ಔಷಧಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ.

ಆದ್ದರಿಂದ ವಾರಗಳು ಕಳೆದರೂ ಗಂಟು ವಾಸಿಯಾಗದಿದ್ದರೆ, “ನಮ್ಮ ಮನೆಯಲ್ಲಿ ಮೀನು ಸಾಕಿದ್ದೇವೆ” ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆಗೆ ದಾರಿಯಾಗುತ್ತದೆ.

ಹಾಗೆಂದು ಮೀನು ಸಾಕುವುದನ್ನು ಬಿಡಬೇಕಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯ ನೀರಿಗೆ ಕೈ ಹಾಕಬೇಡಿ. ತೊಳೆಯುವಾಗ ಉದ್ದನೆಯ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.