ಕೆಸರಿನ ಮೂಲ

ನದೀಮೂಲ, ಋಷಿಮೂಲಗಳನ್ನು ಕೇಳಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನದಿಯು ಕಡಲನ್ನು ಸೇರುವ ಅಳಿವೆಯ ಕೆಸರಿನ ಮೂಲವನ್ನಂತೂ ಕೇಳಲೇಬೇಕೆಂಬುದು ನನ್ನ ಹಠ. ಅಘನಾಶಿನಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಮೂಗು ಮುಚ್ಚಿಕೊಂಡು "ಎಂಥ ಕೊಳಚೆ!" ಎನ್ನುವ ಸಂಭಾವಿತರನ್ನು ನಾನು ಕಂಡಿದ್ದೇನೆ. ಅದೇ ಕೆಸರಿನಲ್ಲಿ ಇಳಿದು ಬಳಚು ಆರಿಸುವ ಹೆಂಗಸರು ಹಾಗೆನ್ನುವುದಿಲ್ಲ. ಅವರ ಅನ್ನ ಅದರಲ್ಲಿದೆ.

ಕೆಸರು ಕಪ್ಪಾಗುವುದಕ್ಕೂ ಕೊಳೆತ ಮೊಟ್ಟೆಯಂತೆ ನಾರುವುದಕ್ಕೂ ಕಾರಣ ಒಂದೇ. ಜೀವಿಗಳ ಅವಶೇಷ ಬಹಳವಾಗಿ ಸೇರಿದಲ್ಲಿ ಅದನ್ನು ತಿನ್ನುವ ಸೂಕ್ಷ್ಮಾಣುಗಳು ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆ ಬಳಿಕ ಕೆಲವು ಜಾತಿಯವು ಕಡಲನೀರಿನ ಸಲ್ಫೇಟಿನಿಂದ ಉಸಿರಾಟ ಸಾಗಿಸಿ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಅದು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಆ ಅವಶೇಷ ಕಾಂಡ್ಲಾ ಎಲೆಯದೋ, ಘಟ್ಟದ ಕಾಡಿನದೋ, ಕಡಲ ಪಾಚಿಯದೋ, ಪೇಟೆಯ ಚರಂಡಿಯದೋ ಎಂಬುದು ಮೂಗಿಗೆ ತಿಳಿಯದು. ಒಟ್ಟು ಇಂಗಾಲ ಇಷ್ಟಿದೆಯೆಂದು ಅಳೆದಿಟ್ಟ ವರದಿಗೂ ತಿಳಿಯದು!

ಮೂಲವನ್ನು ಹುಡುಕುವ ದಾರಿಗಳು ಇಲ್ಲದಿಲ್ಲ. ತೇಲುವ ಸೂಕ್ಷ್ಮ ಪಾಚಿಯಲ್ಲಿ ಇಂಗಾಲದ 106 ಪರಮಾಣುಗಳಿಗೆ ಸಾರಜನಕದವು ಸುಮಾರು 16. ನೆಲದ ಮರಗಳ ತರಗೆಲೆಯಲ್ಲಿ ಒಂದು ಸಾರಜನಕಕ್ಕೆ ಇಂಗಾಲ 20ನ್ನು ಮೀರುವುದೇ ಹೆಚ್ಚು. ಲಿಗ್ನಿನ್ ಕಂಡರೆ ಅದು ಗಿಡಮರಗಳದೆನ್ನಬಹುದು. ಮಲದ ಗುರುತು ಕೋಪ್ರೊಸ್ಟನಾಲ್ ಎಂಬ ವಸ್ತು. ಇಂಗಾಲ-13ರ ಪಾಲು ಕಡಲ ಪಾಚಿಗಿಂತ ಕಾಡಿನ ಎಲೆಯಲ್ಲಿ ಕಡಿಮೆ. ಆದರೆ ಕಾಂಡ್ಲಾದಲ್ಲೂ ಅದು ಕಡಿಮೆಯೇ ಆದ್ದರಿಂದ ಆ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಲಾಗದು. ನಮ್ಮ ತರ್ಕಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಡಲಿನ ಪಾಲೂ ಸಣ್ಣದಲ್ಲ. ನೈಋತ್ಯ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಪೋಷಕ ಲವಣಗಳೊಡನೆ ಮೇಲೇಳುತ್ತದೆ. ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿಯುತ್ತದೆ. 1999ರ ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕ ತೀರಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿದ್ದನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಖ್ವಿಯವರೂ ಸಂಗಡಿಗರೂ 2000ರಲ್ಲಿ ಪ್ರಕಟಿಸಿದರು. ಹೊಲಗಳಿಂದ ಹರಿದುಬಂದ ಗೊಬ್ಬರವೂ ಇದನ್ನು ಹೆಚ್ಚಿಸಿರಬಹುದೆಂದು ಅವರ ಅನುಮಾನ.

ಇಷ್ಟೆಲ್ಲ ಏಕೆಂದರೆ, ಮೂಲ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ. ಚರಂಡಿಯದಾದರೆ ಪುರಸಭೆಯು ನೀರನ್ನು ಶುದ್ಧಮಾಡಿ ಬಿಡಬೇಕು. ಕಾಂಡ್ಲಾದ್ದಾದರೆ ಕೆಸರಿನ ಗೊಡವೆಗೇ ಹೋಗಬಾರದು. ಅಲ್ಲಿ ಹೂತ ಇಂಗಾಲ ಕದಡದಿದ್ದರೆ ಬಹುಕಾಲ ಹೂತೇ ಇರುತ್ತದೆ. ಕೊಳಚೆಯೆಂದು ಹೆಸರಿಟ್ಟು, ಮಣ್ಣು ತುಂಬಿಸಿ, ನಿವೇಶನ ಮಾಡುವವರಿಗೆ ಮಾತ್ರ ಈ ವಿವೇಚನೆ ಬೇಕಿಲ್ಲ. ಅಳಿವೆಗೆ ಯಾವ ಯೋಜನೆಯೇ ಬರಲಿ, ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಕೆಸರನ್ನು ತೆಗೆದು ಅದರ ಮೂಲವನ್ನು ಪರೀಕ್ಷೆ ಮಾಡಿಸಲಿ. ಆ ಕಾಗದವನ್ನು ಮೊದಲು ಬಳಚು ಆರಿಸುವವರ ಮುಂದೆ ಕನ್ನಡದಲ್ಲಿ ಓದಿ ಹೇಳಲಿ.