ಮೊದಲ ಸುತ್ತಿನ ಎದುರಾಳಿ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ಚದುರಂಗದ ಪಂದ್ಯಾವಳಿಗೆ ಮಕ್ಕಳನ್ನು ಕರೆದೊಯ್ಯುವ ನಮ್ಮ ತಾಯ್ತಂದೆಗಳ ದೂರು ಒಂದೇ: ಮೊದಲ ಸುತ್ತಿನಲ್ಲೇ ಹುಡುಗನನ್ನು ಹುಲಿಯ ಬಾಯಿಗೆ ಕೊಟ್ಟರು! ಯಾರೂ ಹಗೆಯಿಂದ ಮಾಡಿದ್ದಲ್ಲ. ಸ್ವಿಸ್ ಪದ್ಧತಿಯ ಏರ್ಪಾಡೇ ಹಾಗೆ. 100 ಮಂದಿ ಸೇರಿದರೆ ಬಲದ ಅನುಕ್ರಮದಲ್ಲಿ ಪಟ್ಟಿಮಾಡಿ, 1ನೆಯವನಿಗೆ 51ನೆಯವನನ್ನು, 2ನೆಯವನಿಗೆ 52ನೆಯವನನ್ನು ಜೊತೆಮಾಡುತ್ತಾರೆ. ಮುಂದಿನ ಸುತ್ತಿನಲ್ಲಿ ಸೋತವರಿಗೆ ಸೋತವರೇ ಸಿಕ್ಕುತ್ತಾರೆ. ಆದ್ದರಿಂದ ಅಳುವ ಮಗುವನ್ನು ಮಧ್ಯಾಹ್ನದ ಬಸ್ಸಿಗೇ ಮನೆಗೆ ಕರೆತರುವುದು ಅನ್ಯಾಯ.

ನಷ್ಟವಾದರೂ ಎಷ್ಟು? ಎದುರಾಳಿಯ ರೇಟಿಂಗ್ 400 ಹೆಚ್ಚಿದ್ದರೆ, ರೇಟಿಂಗ್ ಪಡೆದ ಶಾಲಾಬಾಲಕ ಸೋತಾಗ ಕಳೆದುಕೊಳ್ಳುವುದು 3 ಅಂಕ ಚಿಲ್ಲರೆ. ಸಮ ಮಾಡಿಕೊಂಡರೆ 16ಕ್ಕೂ ಮೇಲೆ, ಗೆದ್ದರೆ 36ಕ್ಕೂ ಮೇಲೆ ಗಳಿಸುತ್ತಾನೆ. ಇಷ್ಟು ಅಗ್ಗದ ಪಾಠ ಬೇರೆಲ್ಲಿ ದೊರೆತೀತು?

ಆದರೆ ಮಕ್ಕಳು ಹೆದರಿ, ಹೇಗಾದರೂ ಸಮವಾಗಲೆಂದು ಸಿಕ್ಕ ಕಾಯಿಗಳನ್ನೆಲ್ಲ ಕೊಟ್ಟು ತೆಗೆದುಕೊಂಡು ಮಣೆ ಬರಿದುಮಾಡುತ್ತಾರೆ. ಇದು ನಮಗೆ ಸರಿತೋರದು. ಕಾಯಿ ಕಡಿಮೆಯಾದಷ್ಟೂ ಪಳಗಿದವನ ಕೈಯೇ ಮೇಲು.

ಮಾನ್ಯುಯೆಲ್ ಆರನ್ ಅವರನ್ನು ನೋಡಿ. ಬರ್ಮಾದಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದು, 1961ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಮಾಸ್ಟರ್ ಆದವರು. ಆಗ ನಮ್ಮಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರನೂ ಇರಲಿಲ್ಲ. ಮೊದಲನೆಯವರು ಬಂದದ್ದು 1988ರಲ್ಲಿ. 1962ರಲ್ಲಿ ಸ್ಟಾಕ್‌ಹೋಮ್‌ನ ಇಂಟರ್‌ಜೋನಲ್ ಪಂದ್ಯಾವಳಿಯಲ್ಲಿ 23 ಮಂದಿ ಆಡಿದರು. ಫಿಷರ್ ಗೆದ್ದರು, ಆರನ್ ಕಟ್ಟಕಡೆಗೆ ಬಂದರು. ಹಾಗಿದ್ದೂ ಅಲ್ಲಿಯೇ ಹಂಗೆರಿಯ ಪೋರ್ಟಿಶ್ ಮತ್ತು ಪೂರ್ವ ಜರ್ಮನಿಯ ಉಲ್‌ಮನ್ ಎಂಬ ಇಬ್ಬರು ಘಟಾನುಘಟಿಗಳನ್ನು ಸೋಲಿಸಿದರು! ಸಾಲುಸಾಲಾಗಿ ಸೋಲುತ್ತಿದ್ದವರು ಮರುದಿನ ಮತ್ತೆ ಮಣೆಯ ಮುಂದೆ ಕುಳಿತರಲ್ಲ, ನಮಗೆ ಅದು ಆ ಎರಡು ಗೆಲುವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ದೊಡ್ಡವರೂ ಸೋಲುತ್ತಾರೆ. ವಿಜಯವಾಡದ ಕೋನೇರು ಹಂಪಿ (ಹೆಸರು ನಮ್ಮ ಹಂಪೆಯಿಂದಲ್ಲ, 'ಚಾಂಪಿಯನ್' ಶಬ್ದದಿಂದ ಬಂದದ್ದಂತೆ!) 2002ರಲ್ಲಿ, ಹದಿನೈದರ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದವರು. 2025ರ ಜುಲೈನಲ್ಲಿ ಬಟೂಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಆ ಪದವಿ ಇನ್ನೂ ಬಾರದಿದ್ದ 19 ವರ್ಷದ ದಿವ್ಯಾ ದೇಶಮುಖ್ ಅವರಿಗೆ ಸೋತರು.

ಆಟ ಮುಗಿದೊಡನೆ "ಗೆದ್ದೆಯಾ?" ಎನ್ನಬೇಡಿ, ಎಲ್ಲಿ ಕಷ್ಟವಾಯಿತೆಂದು ಕೇಳಿ. ಎದುರಾಳಿಯನ್ನು ವಿನಯದಿಂದ ಕೇಳಿದರೆ ಎಷ್ಟೋ ಮಂದಿ ಹತ್ತು ನಿಮಿಷ ಕುಳಿತು ತಪ್ಪು ತೋರಿಸಿಕೊಡುತ್ತಾರೆ. ನಡೆಗಳನ್ನು ಬರೆದ ಹಾಳೆಯನ್ನು ಜೋಪಾನವಾಗಿಡಿ. ಮುಂದಿನ ಸಂಚಿಕೆಗೆ ಅಂಥದೊಂದನ್ನು ಕಳುಹಿಸಿಕೊಡಿ. ಸೋತ ಆಟದ್ದೇ ಇರಲಿ.